ಸರ್ವರ್ ಏಳುತ್ತಿಲ್ಲ, ನೆಟ್‌ವರ್ಕ್ ಬೂಟ್ ಕೂಡ ಕೈಕೊಟ್ಟಿದೆ: ಎಲ್ಲಿ ನಿಂತಿದೆ ಎಂದು ಹುಡುಕುವುದು ಹೇಗೆ?

ಲಿನಕ್ಸ್‌ನ ತಿರುಳಾದ ಕರ್ನಲ್ ಅಪ್‌ಡೇಟ್ ಆದ ಮೇಲೆ ಸರ್ವರ್ ಅದನ್ನು ಲೋಡ್ ಮಾಡುವ ಗ್ರಬ್‌ನಲ್ಲೇ ಕೂತಿದೆ. ಇಲ್ಲವೇ ಕರೆಂಟ್ ಹೋಗಿ ಬಂದ ಮೇಲೆ ಫೈಲ್‌ಸಿಸ್ಟಮ್ ಮೌಂಟ್ ಆಗುತ್ತಿಲ್ಲ. ಪೆನ್‌ಡ್ರೈವ್ ಚುಚ್ಚೋಣ ಎಂದರೆ ಯಂತ್ರ ಇರುವುದು ಬೇರೆ ಊರಿನ ಡೇಟಾ ಸೆಂಟರ್‌ನಲ್ಲಿ. ಆಗ ಉಳಿಯುವ ದಾರಿ ನೆಟ್‌ವರ್ಕ್‌ನಿಂದ ರೆಸ್ಕ್ಯೂ ಇಮೇಜ್, ಅಂದರೆ ರಿಪೇರಿಗೆಂದೇ ಇರುವ ಲಿನಕ್ಸ್, ಬೂಟ್ ಮಾಡುವುದು. ಆದರೆ ಆ ದಾರಿಯೂ ನಡುವೆ ಎಲ್ಲೋ ನಿಲ್ಲುತ್ತದೆ. ಅದು ಎಲ್ಲಿ ನಿಂತಿದೆ ಎನ್ನುವುದೇ ಅರ್ಧ ಉತ್ತರ.

ಮೊದಲು ನಡೆಯುವ ಕ್ರಮ ನೋಡಿ. ನೆಟ್‌ವರ್ಕ್ ಕಾರ್ಡ್ ವಿಳಾಸ ಹಂಚುವ ಡಿಎಚ್‌ಸಿಪಿ ಮೂಲಕ ಐಪಿ ಕೇಳುತ್ತದೆ. ಜೊತೆಗೆ ಯಾವ ಸರ್ವರ್‌ನಿಂದ ಯಾವ ಫೈಲ್ ತರಬೇಕು ಎಂದು ತಿಳಿಯುತ್ತದೆ. ಟಿಎಫ್‌ಟಿಪಿ ಎಂಬ ಸರಳ ಫೈಲ್ ಸಾಗಣೆ ವಿಧಾನದಿಂದ ಪುಟ್ಟ ಬೂಟ್‌ಲೋಡರ್ ಬರುತ್ತದೆ. ಬೂಟ್‌ಲೋಡರ್ ಕರ್ನಲ್ ಮತ್ತು ಇನಿಟ್‌ಆರ್‌ಡಿ (ಕರ್ನಲ್‌ಗೆ ಶುರುವಿನಲ್ಲಿ ಬೇಕಾಗುವ ಡ್ರೈವರ್‌ಗಳ ಪುಟ್ಟ ಫೈಲ್‌ಸಿಸ್ಟಮ್) ತರುತ್ತದೆ. ಕೊನೆಗೆ ಕರ್ನಲ್ ದೊಡ್ಡ ಇಮೇಜನ್ನು ಎಳೆದು ರ‍್ಯಾಮ್‌ಗೆ ಹಾಕಿಕೊಳ್ಳುತ್ತದೆ. ಇದರಲ್ಲಿ ಬಹಳ ಜನ ಗಮನಿಸದ ಸಂಗತಿ ಒಂದಿದೆ. ನೆಟ್‌ವರ್ಕ್ ಏಳುವುದು ಒಂದು ಸಲ ಅಲ್ಲ. ಮೊದಲು ಕಾರ್ಡ್‌ನ ಫರ್ಮ್‌ವೇರ್ ಎಬ್ಬಿಸುತ್ತದೆ, ಆಮೇಲೆ ಕರ್ನಲ್ ಮತ್ತೆ ಮೊದಲಿನಿಂದ ಎಬ್ಬಿಸುತ್ತದೆ. "ಆಗಲೇ ಐಪಿ ಬಂದಿತ್ತಲ್ಲ, ಈಗ ಯಾಕೆ ಇಲ್ಲ?" ಎಂಬ ಗೊಂದಲಕ್ಕೆ ಇದೇ ಕಾರಣ.

ಇಲ್ಲಿ ಹೇಳುವುದು ಸಾಮಾನ್ಯ ಇಂಟೆಲ್, ಎಎಮ್‌ಡಿ ಲಿನಕ್ಸ್ ಸರ್ವರ್‌ಗಳ ಬಗ್ಗೆ. ರೆಸ್ಕ್ಯೂ ಇಮೇಜ್‌ಗೆ ಸಿಸ್ಟಮ್‌ರೆಸ್ಕ್ಯೂವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನೆಟ್‌ವರ್ಕ್ ಬೂಟ್‌ಗೆ ಎಲ್ಲರೂ ಅನ್ನುವಂತೆ ಪಿಕ್ಸಿ (ಪಿಎಕ್ಸ್‌ಇ) ಎಂದೇ ಬರೆಯುತ್ತೇನೆ.

## ಶುರು ಮಾಡುವ ಮುಂಚೆ

ಪಿಕ್ಸಿ ಮೆನುವಿನಲ್ಲಿ ತಾನಾಗಿ ಓಎಸ್ ಇನ್‌ಸ್ಟಾಲ್ ಮಾಡುವ ಸಾಲು ಇದೆಯೇ ನೋಡಿ. ಹಾಗೆ ತಾನಾಗಿ ಇನ್‌ಸ್ಟಾಲ್ ಮಾಡಿಸುವ ಕಿಕ್‌ಸ್ಟಾರ್ಟ್ ಅಥವಾ ಪ್ರಿಸೀಡ್ ಡೀಫಾಲ್ಟ್ ಆಗಿದ್ದರೆ, ರೆಸ್ಕ್ಯೂ ಮಾಡಲು ಹೋದ ಸರ್ವರ್‌ನ ಡಿಸ್ಕ್ ಖಾಲಿಯಾಗುತ್ತದೆ. ಕೆಟ್ಟ ಸರ್ವರ್‌ನ ಮ್ಯಾಕ್ ವಿಳಾಸಕ್ಕೆ ಬೇರೆಯೇ ಕಾನ್ಫಿಗ್ ಫೈಲ್ ಮಾಡಿ, ಅದರಲ್ಲಿ ರೆಸ್ಕ್ಯೂ ಒಂದೇ ಇರಲಿ.

ಸರ್ವರ್‌ಗೆ ಸ್ಯಾನ್ (ನೆಟ್‌ವರ್ಕ್‌ನಲ್ಲಿ ಹಂಚಿಕೊಳ್ಳುವ) ಸ್ಟೋರೇಜ್ ಇದ್ದರೆ, ಅದು ಕ್ಲಸ್ಟರ್‌ನ ಒಂದು ನೋಡ್ ಆಗಿದ್ದರೆ, ಆ ಲನ್‌ಗಳನ್ನು, ಅಂದರೆ ಸ್ಯಾನ್ ಕೊಟ್ಟ ಡಿಸ್ಕ್‌ಗಳನ್ನು, ಮೊದಲು ಬಿಡಿಸಿ. ಒಂದೇ ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ವಾಲ್ಯೂಮನ್ನು ಎರಡು ಯಂತ್ರ ಒಟ್ಟಿಗೆ ಮೌಂಟ್ ಮಾಡಿದರೆ ಡೇಟಾ ಹಾಳಾಗುತ್ತದೆ. ರೆಸ್ಕ್ಯೂ ಇಮೇಜ್‌ಗೆ ನಿಮ್ಮ ಕ್ಲಸ್ಟರ್‌ನ ವಿಷಯ ಏನೂ ಗೊತ್ತಿರುವುದಿಲ್ಲ, ಅದು ತಡೆಯುವುದೂ ಇಲ್ಲ.

ಡಿಸ್ಕ್ ಮೇಲೆ ಏನನ್ನೂ ಬರೆಯುವ ಮುಂಚೆ ಬ್ಯಾಕಪ್ ಎಲ್ಲಿದೆ, ಅದು ನಿಜವಾಗಿ ತೆರೆಯುತ್ತದೆಯೇ ನೋಡಿಕೊಳ್ಳಿ. ಇಲ್ಲಿಂದ ಆರನೇ ಲಕ್ಷಣದವರೆಗೆ ಡಿಸ್ಕನ್ನು ಮುಟ್ಟುವ ಅಗತ್ಯವೇ ಇಲ್ಲ.

## 1. ಪಿಕ್ಸಿ ಶುರುವೇ ಆಗುವುದಿಲ್ಲ, ನೇರ ಡಿಸ್ಕ್‌ಗೆ ಹೋಗುತ್ತದೆ

ಇದು ಎಲ್ಲಕ್ಕಿಂತ ಸುಲಭದ್ದು. ಡೆಲ್, ಎಚ್‌ಪಿಇ ಸರ್ವರ್‌ಗಳಲ್ಲಿ ಆನ್ ಆಗುವಾಗ ಎಫ್12 ಒತ್ತಿದರೆ ಆ ಒಂದು ಸಲಕ್ಕೆ ನೆಟ್‌ವರ್ಕ್ ಬೂಟ್ ಆಗುತ್ತದೆ. ದೂರದಿಂದಾದರೆ ಐಡ್ರ್ಯಾಕ್, ಐಎಲ್‌ಒ ಅಥವಾ ಐಪಿಎಮ್‌ಐ ಎಂಬ ದೂರನಿಯಂತ್ರಣ ವ್ಯವಸ್ಥೆಯ ಮೂಲಕ ಮುಂದಿನ ಬೂಟ್ ಮಾತ್ರ ಪಿಕ್ಸಿ ಎಂದು ಹೇಳಬಹುದು. ಬೂಟ್ ಕ್ರಮವನ್ನೇ ಕಾಯಂ ಆಗಿ ಬದಲಿಸಬೇಡಿ. ಅದರ ಪರಿಣಾಮ ಕೊನೆಯ ಲಕ್ಷಣದಲ್ಲಿ ಕಾಣುತ್ತದೆ.

"ಪಿಎಕ್ಸ್‌ಇ-ಇ61, ಮೀಡಿಯಾ ಟೆಸ್ಟ್ ಫೇಲ್ಯೂರ್, ಚೆಕ್ ಕೇಬಲ್" ಎಂದು ಬಂದರೆ ಆ ಪೋರ್ಟ್‌ನಲ್ಲಿ ಲಿಂಕ್ ಇಲ್ಲ. ಸರ್ವರ್‌ನಲ್ಲಿ ನಾಲ್ಕು ಪೋರ್ಟ್ ಇದ್ದು ಕೇಬಲ್ ಮೂರನೆಯದರಲ್ಲಿ, ಪಿಕ್ಸಿ ಮೊದಲನೆಯದರಲ್ಲಿ ಇರುವುದು ತೀರಾ ಮಾಮೂಲಿ. ಸ್ವಿಚ್ ಕಡೆಯ ದೀಪ ನೋಡಿ. ಫೈಬರ್ ಆದರೆ ಎಸ್‌ಎಫ್‌ಪಿ ಮಾಡ್ಯೂಲ್ ಆ ಕಾರ್ಡ್‌ಗೆ ಹೊಂದುತ್ತದೆಯೇ ಅಂತಲೂ ನೋಡಬೇಕು. ಕಾರ್ಡನ್ನೇ ಕಳಚುವುದಾದರೆ ಎರಡೂ ಪವರ್ ಸಪ್ಲೈಗಳ ವೈರ್ ತೆಗೆಯಿರಿ. ಒಂದನ್ನು ತೆಗೆದರೆ ಇನ್ನೊಂದರಿಂದ ಕರೆಂಟ್ ಬರುತ್ತಲೇ ಇರುತ್ತದೆ.

## 2. "ನೋ ಡಿಎಚ್‌ಸಿಪಿ ಆಫರ್ಸ್" ಎಂದು ಹೇಳಿ ಕೈಬಿಡುತ್ತದೆ

ಹಳೆಯ ಫರ್ಮ್‌ವೇರ್ ಆದ ಬಯಾಸ್‌ನಲ್ಲಿ ಇದು ಇ51. ಅದರ ಜಾಗಕ್ಕೆ ಬಂದ ಯುಇಎಫ್‌ಐಯಲ್ಲಿ ಇ16. ಅತಿ ಹೆಚ್ಚು ಹೊತ್ತು ತಿನ್ನುವ ಲಕ್ಷಣ ಇದೇ. ಏಕೆಂದರೆ ತಪ್ಪು ಡಿಎಚ್‌ಸಿಪಿ ಸರ್ವರ್‌ನಲ್ಲೂ ಇರಬಹುದು, ಸ್ವಿಚ್‌ನಲ್ಲೂ ಇರಬಹುದು. ಸುಮ್ನೆ ಊಹಿಸಬೇಡಿ. ಡಿಎಚ್‌ಸಿಪಿ ಸರ್ವರ್‌ನಲ್ಲಿ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಓಡಿಸಿ, 67 ಮತ್ತು 68ನೇ ಪೋರ್ಟ್ ನೋಡುತ್ತಾ ಕೆಟ್ಟ ಸರ್ವರ್ ರೀಸ್ಟಾರ್ಟ್ ಮಾಡಿ. ಅದರ ಮ್ಯಾಕ್‌ನಿಂದ ಡಿಸ್ಕವರ್ ಪ್ಯಾಕೆಟ್, ಅಂದರೆ ಐಪಿ ಕೇಳುವ ಕರೆ, ಬಂತೋ ಇಲ್ಲವೋ? ಉತ್ತರ ಸಿಕ್ಕಿದ ಕೂಡಲೇ ಹುಡುಕಬೇಕಾದ ಜಾಗ ಅರ್ಧಕ್ಕೆ ಇಳಿಯುತ್ತದೆ.

ಡಿಸ್ಕವರ್ ಬಂದಿದೆ, ಆಫರ್ ಹೋಗಿಲ್ಲ ಎಂದರೆ ತಪ್ಪು ಡಿಎಚ್‌ಸಿಪಿ ಸರ್ವರ್‌ನದು. ವಿಳಾಸಗಳು ಮುಗಿದಿರಬಹುದು. ಗೊತ್ತಿರುವ ಮ್ಯಾಕ್‌ಗೆ ಮಾತ್ರ ಉತ್ತರಿಸುವ ನಿಯಮ ಇರಬಹುದು. ಮದರ್‌ಬೋರ್ಡ್ ಬದಲಾದ ಸರ್ವರ್‌ಗೆ ಮ್ಯಾಕ್ ಕೂಡ ಬದಲಾಗಿರುತ್ತದೆ, ಇದನ್ನು ಮರೆಯುವವರು ಜಾಸ್ತಿ.

ಆಫರ್ ಹೋಗಿದೆ, ಆದರೂ ಕೆಟ್ಟ ಸರ್ವರ್‌ಗೆ ಮುಟ್ಟಿಲ್ಲ ಎಂದರೆ ನಂಬದ ಪೋರ್ಟ್‌ನ ಉತ್ತರಗಳನ್ನು ತಡೆಯುವ ಸ್ವಿಚ್‌ನ ಡಿಎಚ್‌ಸಿಪಿ ಸ್ನೂಪಿಂಗ್ ಅದನ್ನು ತಡೆದಿರಬಹುದು. ಡಿಎಚ್‌ಸಿಪಿ ಸರ್ವರ್ ಇರುವ ಪೋರ್ಟ್ ಟ್ರಸ್ಟೆಡ್ ಆಗಿರಬೇಕು.

ಡಿಸ್ಕವರ್ ಬಂದೇ ಇಲ್ಲ ಎಂದರೆ ಸ್ವಿಚ್ ಕಡೆ ಹೋಗಿ. ಇಲ್ಲಿ ನಾಲ್ಕು ಅನುಮಾನಗಳು, ನಾನು ನೋಡುವ ಕ್ರಮದಲ್ಲೇ ಹೇಳುತ್ತೇನೆ.

ವಿಲ್ಯಾನ್ (ಒಂದೇ ಸ್ವಿಚ್‌ನಲ್ಲಿ ಟ್ಯಾಗ್ ಹಾಕಿ ಬೇರ್ಪಡಿಸಿದ ನೆಟ್‌ವರ್ಕ್): ಫರ್ಮ್‌ವೇರ್ ಸಾಮಾನ್ಯವಾಗಿ ಟ್ಯಾಗ್ ಇಲ್ಲದ ಪ್ಯಾಕೆಟ್ ಕಳಿಸುತ್ತದೆ. ಪೋರ್ಟ್ ಟ್ರಂಕ್ ಆಗಿದ್ದರೆ ನೇಟಿವ್ ವಿಲ್ಯಾನ್ ಸರಿಯಾದದ್ದೇ ಇರಬೇಕು. ಲಿನಕ್ಸ್ ಓಡುವಾಗ ಟ್ಯಾಗ್ ಹಾಕಿ ಎಲ್ಲ ಸರಿ ಇದ್ದದ್ದು, ಪಿಕ್ಸಿಯಲ್ಲಿ ಬೇರೆಯೇ ನೆಟ್‌ವರ್ಕ್‌ಗೆ ಹೋಗಿ ಬೀಳುತ್ತದೆ.

ಬಾಂಡಿಂಗ್: ಎರಡು ಕೇಬಲ್ ಒಂದಾಗಿಸಲು ಎಲ್‌ಎಸಿಪಿ ಎಂಬ ಒಪ್ಪಂದ ಹಾಕಿದ್ದೀರಾ? ಫರ್ಮ್‌ವೇರ್‌ಗೆ ಸಾಮಾನ್ಯವಾಗಿ ಎಲ್‌ಎಸಿಪಿ ಬರುವುದಿಲ್ಲ. ಎದುರಿಗೆ ಯಾರೂ ಮಾತಾಡುತ್ತಿಲ್ಲ ಎಂದು ಸ್ವಿಚ್ ಪೋರ್ಟನ್ನು ತಡೆಹಿಡಿಯುತ್ತದೆ. ಸ್ವಿಚ್‌ನಲ್ಲಿ ಎಲ್‌ಎಸಿಪಿ ಫಾಲ್‌ಬ್ಯಾಕ್ ಇದ್ದರೆ ಆನ್ ಮಾಡಿ. ಇಲ್ಲವಾದರೆ ರೆಸ್ಕ್ಯೂ ಮುಗಿಯುವ ತನಕ ಒಂದು ಪೋರ್ಟನ್ನು ಗುಂಪಿನಿಂದ ಹೊರಗಿಡಿ.

ಸ್ಪ್ಯಾನಿಂಗ್ ಟ್ರೀ (ಸ್ವಿಚ್‌ಗಳ ನಡುವೆ ಲೂಪ್ ಆಗದಂತೆ ತಡೆಯುವ ವ್ಯವಸ್ಥೆ): ಲಿಂಕ್ ಬಂದ ಮೇಲೆ ಹಳೆಯ ಮಾದರಿಯ ಸ್ಪ್ಯಾನಿಂಗ್ ಟ್ರೀ ಕೇಳಲು 15 ಸೆಕೆಂಡ್, ಕಲಿಯಲು 15 ಸೆಕೆಂಡ್ ತೆಗೆದುಕೊಳ್ಳುತ್ತದೆ. ಆ 30 ಸೆಕೆಂಡ್ ಏನೂ ದಾಟುವುದಿಲ್ಲ. ಕಾರ್ಡ್ ಅಷ್ಟರೊಳಗೆ ಸೋತು ಸುಮ್ಮನಾಗಬಹುದು. ಇದನ್ನು ಖಚಿತ ಮಾಡಿಕೊಳ್ಳಲು ಅಗ್ಗದ ಉಪಾಯವಿದೆ. ಸರ್ವರ್ ಮತ್ತು ದೊಡ್ಡ ಸ್ವಿಚ್ ನಡುವೆ ಒಂದು ಸಾದಾ ಅನ್‌ಮ್ಯಾನೇಜ್ಡ್ ಸ್ವಿಚ್ ಇಡಿ. ಸರ್ವರ್ ಎಷ್ಟು ಸಲ ರೀಸ್ಟಾರ್ಟ್ ಆದರೂ ದೊಡ್ಡ ಸ್ವಿಚ್ ಕಡೆಯ ಲಿಂಕ್ ಬೀಳುವುದಿಲ್ಲ. ಆಗ ಪಿಕ್ಸಿ ಕೆಲಸ ಮಾಡಿದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಆ ಪೋರ್ಟ್‌ಗೆ ಪೋರ್ಟ್‌ಫಾಸ್ಟ್, ಅಂದರೆ ಎಡ್ಜ್ ಪೋರ್ಟ್ ಸೆಟ್ಟಿಂಗ್ ಹಾಕಿ. ಇನ್ನೊಂದು ಸ್ವಿಚ್‌ಗೆ ಹೋಗುವ ಪೋರ್ಟ್‌ಗೆ ಮಾತ್ರ ಅದನ್ನು ಹಾಕಬೇಡಿ, ಲೂಪ್ ಆದರೆ ಇಡೀ ನೆಟ್‌ವರ್ಕ್ ಕೂರುತ್ತದೆ.

ರಿಲೇ: ಡಿಎಚ್‌ಸಿಪಿ ಸರ್ವರ್ ಬೇರೆ ಸಬ್‌ನೆಟ್‌ನಲ್ಲಿದ್ದರೆ ಕರೆಯನ್ನು ದಾಟಿಸಲು ರೂಟರ್‌ನಲ್ಲಿ ರಿಲೇ ಬೇಕು. ಬ್ರಾಡ್‌ಕಾಸ್ಟ್ ತಾನಾಗಿ ರೂಟರ್ ದಾಟುವುದಿಲ್ಲ.

ಸ್ವಿಚ್ ನಿಮ್ಮ ಕೈಯಲ್ಲಿ ಇಲ್ಲ ಎಂದರೆ ಇಲ್ಲೇ ನಿಲ್ಲಿಸಿ, ನೆಟ್‌ವರ್ಕ್ ತಂಡದವರನ್ನು ಕರೆಯಿರಿ. ಮ್ಯಾಕ್ ವಿಳಾಸ, ಪೋರ್ಟ್ ನಂಬರ್, ಟಿಸಿಪಿಡಂಪ್‌ನ ನಾಲ್ಕು ಸಾಲು ಕೊಟ್ಟರೆ ಅವರ ಕೆಲಸ ಬೇಗ ಮುಗಿಯುತ್ತದೆ.

## 3. ಐಪಿ ಸಿಕ್ಕಿತು, ಫೈಲ್ ಬರಲಿಲ್ಲ

ಸ್ಕ್ರೀನ್ ಮೇಲಿನ ನಂಬರ್ ಬರೆದುಕೊಳ್ಳಿ, ಇಲ್ಲಿ ಅದು ಸುಳ್ಳು ಹೇಳುವುದು ಕಡಿಮೆ.

ಇ53 ಎಂದರೆ ಐಪಿ ಬಂತು, ಬೂಟ್ ಫೈಲ್‌ನ ಹೆಸರು ಬರಲಿಲ್ಲ. ಡಿಎಚ್‌ಸಿಪಿಯ 67ನೇ ಆಪ್ಶನ್‌ನಲ್ಲಿ ಫೈಲ್ ಹೆಸರು, 66ರಲ್ಲಿ ಟಿಎಫ್‌ಟಿಪಿ ಸರ್ವರ್ ವಿಳಾಸ ಇರಬೇಕು. ಎರಡೂ ಸರಿ ಇದ್ದೂ ಇದೇ ಬಂದರೆ ಉತ್ತರ ಕೊಟ್ಟದ್ದು ನಿಮ್ಮ ಸರ್ವರ್ ಅಲ್ಲದಿರಬಹುದು. ಯಾರೋ ಲ್ಯಾಬ್‌ನಲ್ಲಿ ಮನೆಯ ವೈಫೈ ರೂಟರ್ ತಂದು ಸಿಕ್ಕಿಸಿದರೆ ಹೀಗಾಗುತ್ತದೆ.

ಇ32 ಎಂದರೆ ಟಿಎಫ್‌ಟಿಪಿ ಕರೆಗೆ ಉತ್ತರವಿಲ್ಲ. ಸರ್ವಿಸ್ ಓಡುತ್ತಿದೆಯೇ ನೋಡಿ, ಆಮೇಲೆ ಫೈರ್‌ವಾಲ್. ಬರೀ ಯುಡಿಪಿ 69 ತೆರೆದರೆ ಸಾಲದು. ಮೊದಲ ಕರೆ 69ಕ್ಕೆ ಬರುತ್ತದೆ, ಉತ್ತರ ಮಾತ್ರ ಬೇರೊಂದು ದೊಡ್ಡ ಪೋರ್ಟ್‌ನಿಂದ ಹೋಗುತ್ತದೆ. ನಡುವೆ ಫೈರ್‌ವಾಲ್ ಇದ್ದರೆ ಅದಕ್ಕೆ ಟಿಎಫ್‌ಟಿಪಿ ಹೆಲ್ಪರ್ ಬೇಕು. ಲಾಗ್‌ನಲ್ಲಿ ಕರೆ ಕಾಣುತ್ತದೆ, ಫೈಲ್ ಹೋಗುವುದಿಲ್ಲ ಎಂದರೆ ಬಹುತೇಕ ಇದೇ.

ಟಿ01 ಅಥವಾ ಇ23 ಎಂದರೆ ಫೈಲ್ ಸಿಗಲಿಲ್ಲ. ದೊಡ್ಡಕ್ಷರ ಚಿಕ್ಕಕ್ಷರ, ಫೋಲ್ಡರ್ ದಾರಿ, ಓದುವ ಅನುಮತಿ ನೋಡಿ. ಎಸ್‌ಇಲಿನಕ್ಸ್ ಎಂಬ ಲೇಬಲ್ ನೋಡಿ ಅನುಮತಿ ಕೊಡುವ ಭದ್ರತೆ ಇರುವಲ್ಲಿ ಫೈಲನ್ನು ಹೋಮ್ ಫೋಲ್ಡರ್‌ನಿಂದ ಮೂವ್ ಮಾಡಿದ್ದರೆ ಲೇಬಲ್ ತಪ್ಪಿರುತ್ತದೆ, ರಿಸ್ಟೋರ್‌ಕಾನ್ ಓಡಿಸಿದರೆ ಸರಿಹೋಗುತ್ತದೆ.

ಇನ್ನೊಂದು ತಲೆ ಕೆಡಿಸುವ ಲಕ್ಷಣವಿದೆ. "ಎನ್‌ಬಿಪಿ ಫೈಲ್ ಡೌನ್‌ಲೋಡೆಡ್ ಸಕ್ಸಸ್‌ಫುಲಿ" (ಎನ್‌ಬಿಪಿ ಎಂದರೆ ನೆಟ್‌ವರ್ಕ್‌ನಿಂದ ಬಂದ ಬೂಟ್‌ಲೋಡರ್) ಎಂದು ಬರುತ್ತದೆ, ಮರುಕ್ಷಣ ಬೂಟ್ ಮೆನುಗೆ ವಾಪಸ್. ಸಕ್ಸಸ್ ಎಂದ ಮೇಲೆ ತಪ್ಪೇನು ಅಲ್ವಾ? ಬಂದ ಫೈಲ್ ಬೇರೆ ಜಾತಿಯದು. ಬಯಾಸ್‌ಗೆ ಬೇಕಾದ ಪಿಎಕ್ಸ್‌ಇಲಿನಕ್ಸ್ ಫೈಲನ್ನು ಯುಇಎಫ್‌ಐ ಓಡಿಸಲಾರದು. ಯುಇಎಫ್‌ಐಗೆ ಇಎಫ್‌ಐ ಫೈಲೇ ಬೇಕು. ಡಿಎಚ್‌ಸಿಪಿಯ 93ನೇ ಆಪ್ಶನ್‌ನಲ್ಲಿ ಬೂಟ್ ಆಗುತ್ತಿರುವ ಸರ್ವರ್ ತನ್ನ ಬಗೆ ಹೇಳುತ್ತದೆ: 0 ಎಂದರೆ ಬಯಾಸ್, 7 ಎಂದರೆ 64 ಬಿಟ್ ಯುಇಎಫ್‌ಐ. ಅದನ್ನು ನೋಡಿ ಫೈಲ್ ಆರಿಸುವ ನಿಯಮ ಬರೆಯಿರಿ. ಫೈಲ್ ಸರಿಯಿದ್ದೂ ಹೀಗಾದರೆ ಸಹಿ ಇಲ್ಲದ ಬೂಟ್‌ಲೋಡರ್ ಒಪ್ಪದ ಸೆಕ್ಯೂರ್ ಬೂಟ್ ತಡೆದಿರಬಹುದು. ಸಹಿ ಇರುವ ಶಿಮ್ ಎಂಬ ಪುಟ್ಟ ಬೂಟ್‌ಲೋಡರ್ ಮೂಲಕ ಗ್ರಬ್ ತರಿಸಿ. ಸೆಕ್ಯೂರ್ ಬೂಟ್ ಆಫ್ ಮಾಡುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ಡಿಸ್ಕ್‌ನ ಲಕ್ಸ್ (ಎನ್‌ಕ್ರಿಪ್ಶನ್) ಕೀಲಿಯನ್ನು ಮದರ್‌ಬೋರ್ಡ್‌ನ ಭದ್ರತಾ ಚಿಪ್ ಟಿಪಿಎಮ್‌ಗೆ ಕಟ್ಟಿದ್ದರೆ, ಆ ಬದಲಾವಣೆಯಿಂದ ಡಿಸ್ಕ್ ತಾನಾಗಿ ತೆರೆಯುವುದು ನಿಲ್ಲಬಹುದು. ರಿಕವರಿ ಕೀ ಕೈಯಲ್ಲಿದ್ದರೆ ಮಾತ್ರ ಮುಂದುವರಿಯಿರಿ.

ಫೈಲ್ ಬರುತ್ತಿದೆ, ಆದರೆ ತೆವಳುತ್ತಿದೆ ಎನ್ನುವುದೂ ಒಂದು ದೂರು. ಟಿಎಫ್‌ಟಿಪಿ ಮೂಲತಃ 512 ಬೈಟ್ ಕಳಿಸಿ, ಮುಟ್ಟಿತು ಎಂಬ ಉತ್ತರಕ್ಕೆ ಕಾಯುತ್ತದೆ. ಹೋಗಿ ಬರಲು 20 ಮಿಲಿಸೆಕೆಂಡ್ ಹಿಡಿಯುವ ಲಿಂಕ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 50 ತುಂಡು, ಅಂದರೆ ಸುಮಾರು 25 ಕಿಲೋಬೈಟ್. 100 ಎಂಬಿ ಇನಿಟ್‌ಆರ್‌ಡಿಗೆ ಒಂದು ಗಂಟೆಗೂ ಜಾಸ್ತಿ. ಬ್ಯಾಂಡ್‌ವಿಡ್ತ್ ಎಷ್ಟೇ ಇದ್ದರೂ ಇದು ಬದಲಾಗದು. ಸರಿಯಾಗಿ 32 ಎಂಬಿ ಹತ್ತಿರ ನಿಂತರೆ ತುಂಡುಗಳ 16 ಬಿಟ್ ಎಣಿಕೆ ಮುಗಿದಿದೆ ಎಂದರ್ಥ. ಎರಡಕ್ಕೂ ಮದ್ದು ಒಂದೇ. ಟಿಎಫ್‌ಟಿಪಿಯಿಂದ ಎಚ್‌ಟಿಟಿಪಿ ಬಲ್ಲ ಬೂಟ್‌ಲೋಡರ್ ಆದ ಐಪಿಎಕ್ಸ್‌ಇ ಮಾತ್ರ ತಂದು, ಉಳಿದದ್ದನ್ನು ಎಚ್‌ಟಿಟಿಪಿಯಿಂದ ತರಿಸಿ.

ಹಾಗೆ ಮಾಡಿದ ಮೇಲೆ ಐಪಿಎಕ್ಸ್‌ಇಯ ಬ್ಯಾನರ್ ಮತ್ತೆ ಮತ್ತೆ ಬರುತ್ತಿದ್ದರೆ, ಅದು ಡಿಎಚ್‌ಸಿಪಿ ಕೇಳಿ ತನ್ನನ್ನೇ ತರಿಸಿಕೊಳ್ಳುತ್ತಿದೆ. 77ನೇ ಆಪ್ಶನ್‌ನಲ್ಲಿ ಅದು ತಾನು ಐಪಿಎಕ್ಸ್‌ಇ ಎಂದು ಹೇಳುತ್ತದೆ. ಹಾಗೆ ಹೇಳಿದವರಿಗೆ ಸ್ಕ್ರಿಪ್ಟ್‌ನ ವಿಳಾಸ ಕೊಡಿ.

## 4. ಮೆನು ಬರುವುದಿಲ್ಲ, ಅಥವಾ ಕರ್ನಲ್ ಆರಿಸಿದ ಮೇಲೆ ಸ್ಕ್ರೀನ್ ಕಪ್ಪು

ಪಿಎಕ್ಸ್‌ಇಲಿನಕ್ಸ್ ಮೊದಲು ಯಂತ್ರದ ಯುಯುಐಡಿ ಹೆಸರಿನ ಫೈಲ್ ಹುಡುಕುತ್ತದೆ, ಆಮೇಲೆ ಮ್ಯಾಕ್ ಹೆಸರಿನದು, ಆಮೇಲೆ ಐಪಿಯ ಹೆಕ್ಸ್ ರೂಪ, ಕೊನೆಗೆ ಡೀಫಾಲ್ಟ್. ಮ್ಯಾಕ್ ಫೈಲ್‌ನ ಹೆಸರು 01 ಮತ್ತು ಅಡ್ಡಗೆರೆಯಿಂದ ಶುರುವಾಗಬೇಕು, ಎಲ್ಲ ಚಿಕ್ಕಕ್ಷರ, ಕೋಲನ್ ಬದಲು ಅಡ್ಡಗೆರೆ. ಐಪಿಯದು ಮಾತ್ರ ದೊಡ್ಡಕ್ಷರ. ಟಿಎಫ್‌ಟಿಪಿ ಲಾಗ್‌ನಲ್ಲಿ ಅದು ಕೇಳಿದ ಹೆಸರುಗಳೆಲ್ಲ ಸಾಲಾಗಿ ಕಾಣುತ್ತವೆ. ಅಲ್ಲಿಂದಲೇ ಕಾಪಿ ಮಾಡಿ.

ಸ್ಕ್ರೀನ್ ಕಪ್ಪಾದರೆ ಸರ್ವರ್ ಸತ್ತಿದೆ ಎಂದು ರೀಸೆಟ್ ಒತ್ತಬೇಡಿ. ಮಾತು ಸೀರಿಯಲ್ ಪೋರ್ಟ್‌ಗೆ ಹೋಗುತ್ತಿರಬಹುದು, ಅಥವಾ ನೀವು ಸೀರಿಯಲ್ ನೋಡುತ್ತಿದ್ದು ಮಾತು ವಿಜಿಎಗೆ ಹೋಗುತ್ತಿರಬಹುದು. ಕರ್ನಲ್ ಸಾಲಿನಲ್ಲಿ ಎರಡೂ ಕನ್ಸೋಲ್ ಕೊಡಿ, ವೇಗ ಐಪಿಎಮ್‌ಐಯಲ್ಲಿರುವಷ್ಟೇ ಇರಲಿ, ಸಾಮಾನ್ಯವಾಗಿ 115200. ನೋಮೋಡ್‌ಸೆಟ್ ಕೂಡ ಒಮ್ಮೆ ಹಾಕಿ ನೋಡಿ.

"ವಿಎಫ್‌ಎಸ್, ಅನೇಬಲ್ ಟು ಮೌಂಟ್ ರೂಟ್" ಎಂದು ಪ್ಯಾನಿಕ್ ಆದರೆ ಅದು ನಿಮ್ಮ ಡಿಸ್ಕ್‌ನ ತಪ್ಪಲ್ಲ. ಇನಿಟ್‌ಆರ್‌ಡಿ ಬಂದಿಲ್ಲ, ಅಥವಾ ಅರ್ಧ ಬಂದಿದೆ.

## 5. ಕರ್ನಲ್ ಓಡುತ್ತಿದೆ, ದೊಡ್ಡ ಇಮೇಜ್ ಸಿಗುತ್ತಿಲ್ಲ

ವೆಬ್ ಸರ್ವರ್‌ನ ಆಕ್ಸೆಸ್ ಲಾಗ್ ನೋಡಿ. 404 ಇದ್ದರೆ ದಾರಿ ತಪ್ಪು, ಅದು ಕೇಳಿದ ವಿಳಾಸ ಅಲ್ಲೇ ಇದೆ. ಲಾಗ್‌ನಲ್ಲಿ ಏನೂ ಇಲ್ಲ ಎಂದರೆ ಕರ್ನಲ್‌ಗೆ ನೆಟ್‌ವರ್ಕ್ ಸಿಕ್ಕಿಲ್ಲ. ಬ್ರಾಡ್‌ಕಾಮ್‌ನ ಕೆಲವು ಕಾರ್ಡ್‌ಗಳಿಗೆ ಲಿನಕ್ಸ್‌ನಲ್ಲಿ ಬೇರೆ ಫರ್ಮ್‌ವೇರ್ ಫೈಲ್ ಬೇಕು. ಕರ್ನಲ್‌ನ ಸಂದೇಶಗಳಾದ ಡಿಮೆಸೇಜ್‌ನಲ್ಲಿ ಫರ್ಮ್‌ವೇರ್ ಲೋಡ್ ಆಗಲಿಲ್ಲ ಎಂಬ ಸಾಲು ಇದ್ದರೆ ಅದೇ. ಸ್ಪ್ಯಾನಿಂಗ್ ಟ್ರೀಯ 30 ಸೆಕೆಂಡ್ ಇಲ್ಲಿ ಮತ್ತೊಮ್ಮೆ ಕಾಡಬಹುದು, ಡ್ರೈವರ್ ಲಿಂಕನ್ನು ಬೀಳಿಸಿ ಎತ್ತುತ್ತದೆ.

ಇಮೇಜ್ ಅಪ್‌ಡೇಟ್ ಮಾಡುವಾಗ ಕರ್ನಲ್, ಇನಿಟ್‌ಆರ್‌ಡಿ, ಇಮೇಜ್ ಮೂರನ್ನೂ ಒಟ್ಟಿಗೆ ಬದಲಿಸಿ. ಎಚ್‌ಟಿಟಿಪಿಎಸ್ ಬಳಸುತ್ತಿದ್ದರೆ ಸರ್ವರ್‌ನ ತಾರೀಕು ನೋಡಿ. ಗಡಿಯಾರ ನಡೆಸುವ ಸಿಮಾಸ್ ಬ್ಯಾಟರಿ ಸತ್ತು ಹಳೆಯ ವರ್ಷಕ್ಕೆ ಹೋಗಿದ್ದರೆ ಸರ್ಟಿಫಿಕೇಟ್ ಒಪ್ಪುವುದಿಲ್ಲ.

## 6. ರೆಸ್ಕ್ಯೂ ಬಂತು, ಡಿಸ್ಕ್ ಕಾಣುತ್ತಿಲ್ಲ

ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಓಡಿಸಿ. ಒಂದೂ ಡಿಸ್ಕ್ ಇಲ್ಲದಿದ್ದರೆ ಕಂಟ್ರೋಲರ್‌ನ ಡ್ರೈವರ್ ಈ ಇಮೇಜ್‌ನಲ್ಲಿ ಇಲ್ಲದಿರಬಹುದು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಕೆಲವು ಹಳೆಯ ಕಂಟ್ರೋಲರ್‌ಗಳ ಬೆಂಬಲ ತೆಗೆದಿದ್ದಾರೆ. ಬೇರೆ ಇಮೇಜ್‌ನಲ್ಲಿ ಪ್ರಯತ್ನಿಸಿ.

ಡಿಸ್ಕ್‌ಗಳಿವೆ, ವಾಲ್ಯೂಮ್ ಇಲ್ಲ ಎಂದರೆ ಗಾಬರಿ ಬೇಡ. ಸಾಫ್ಟ್‌ವೇರ್ ರೇಡ್ (ಹಲವು ಡಿಸ್ಕ್ ಸೇರಿಸಿ ಒಂದಾಗಿ ಬಳಸುವ ವ್ಯವಸ್ಥೆ) ಆದರೆ ಎಮ್‌ಡಿಎಡಿಎಮ್‌ನ ಅಸೆಂಬಲ್ ಅನ್ನು ರೀಡ್‌ಓನ್ಲಿಯಾಗಿ ಓಡಿಸಿ. ಎನ್‌ಕ್ರಿಪ್ಟ್ ಆಗಿದ್ದರೆ ಕ್ರಿಪ್ಟ್‌ಸೆಟಪ್‌ನಿಂದ ತೆರೆಯಿರಿ. ಎಲ್‌ವಿಎಮ್ (ಡಿಸ್ಕ್ ಜಾಗವನ್ನು ವಾಲ್ಯೂಮ್‌ಗಳಾಗಿ ಹಂಚುವ ವ್ಯವಸ್ಥೆ) ಆದರೆ ವಾಲ್ಯೂಮ್ ಗ್ರೂಪ್ ಆಕ್ಟಿವೇಟ್ ಮಾಡಿ. ಅಸೆಂಬಲ್ ಆಗಲಿಲ್ಲ ಎಂದು ಹೊಸ ರೇಡ್ ಕಟ್ಟುವ ಕ್ರಿಯೇಟ್ ಓಡಿಸಬೇಡಿ. ಡಿಸ್ಕ್‌ಗಳ ಕ್ರಮ ಒಂದು ಹೆಚ್ಚುಕಮ್ಮಿ ಆದರೂ ಮುಗೀತು.

ಹಾರ್ಡ್‌ವೇರ್ ರೇಡ್ ಕಾರ್ಡ್ "ಫಾರಿನ್ ಕಾನ್ಫಿಗರೇಶನ್" ಎಂದು ಕೇಳಿದರೆ ಕ್ಲಿಯರ್ ಒತ್ತಬೇಡಿ. ಇಲ್ಲಿ ನಿಲ್ಲಿಸಿ. ರೇಡ್ 5ರಲ್ಲಿ ಎರಡು ಡಿಸ್ಕ್ ಹೊರಬಿದ್ದಿದ್ದರೂ ನಿಲ್ಲಿಸಿ. ಬ್ಯಾಕಪ್ ಇಲ್ಲದಿದ್ದರೆ ಮುಂದಿನ ಹೆಜ್ಜೆ ಡೇಟಾ ರಿಕವರಿ ಗೊತ್ತಿರುವವರದು.

## 7. ಡಿಸ್ಕ್ ಇದೆ, ಮೌಂಟ್ ಆಗುತ್ತಿಲ್ಲ

ಫೈಲ್‌ಸಿಸ್ಟಮ್ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಒತ್ತಲು ಕೈ ತುರಿಸುತ್ತದೆ, ನಿಜ. ಮೊದಲು ಡಿಸ್ಕ್‌ನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್. ಹಾರ್ಡ್ ಡಿಸ್ಕ್‌ನಲ್ಲಿ 5, 197, 198ನೇ ಸಾಲುಗಳ ಕೊನೆಯ ಅಂಕಿ ಸೊನ್ನೆ ಇಲ್ಲದಿದ್ದರೆ ಡಿಸ್ಕೇ ಹೋಗುತ್ತಿದೆ. ಆಗ ರಿಪೇರಿ ಬೇಡ. ಡಿಡಿರೆಸ್ಕ್ಯೂನಿಂದ ಬೇರೆ ಡಿಸ್ಕ್‌ಗೆ ಪ್ರತಿ ತೆಗೆದು, ಪ್ರತಿಯ ಮೇಲೆ ಕೆಲಸ ಮಾಡಿ. ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಅದೂ ಬೇಡ, ಆಫ್ ಮಾಡಿ.

ಡಿಸ್ಕ್ ಗಟ್ಟಿಯಾಗಿದ್ದರೆ ಏನೂ ಬರೆಯದೆ ಪರೀಕ್ಷೆ ಮಾತ್ರ ಮಾಡುವ ರೂಪ ಓಡಿಸಿ. ಇ2ಎಫ್‌ಎಸ್‌ಸಿಕೆ, ಎಕ್ಸ್‌ಎಫ್‌ಎಸ್ ರಿಪೇರ್ ಎರಡಕ್ಕೂ ಅದು ಸಣ್ಣ "ಎನ್" ಆಪ್ಶನ್. ಬರೀ ರೀಡ್‌ಓನ್ಲಿ ಎಂದು ಮೌಂಟ್ ಮಾಡಿದರೂ ಜರ್ನಲ್ (ಅರ್ಧಕ್ಕೆ ನಿಂತ ಬದಲಾವಣೆಗಳ ದಾಖಲೆ) ಓಡಿ ಡಿಸ್ಕ್‌ಗೆ ಬರೆಯುತ್ತದೆ. ಅದೂ ಬೇಡವೆಂದರೆ ಇಎಕ್ಸ್‌ಟಿ4ಗೆ ನೋಲೋಡ್, ಎಕ್ಸ್‌ಎಫ್‌ಎಸ್‌ಗೆ ನೋರಿಕವರಿ ಸೇರಿಸಿ. ಎಕ್ಸ್‌ಎಫ್‌ಎಸ್ ರಿಪೇರ್‌ನ ದೊಡ್ಡ "ಎಲ್" ಆಪ್ಶನ್ ಲಾಗನ್ನೇ, ಅಂದರೆ ಆ ಜರ್ನಲನ್ನೇ, ಎಸೆಯುತ್ತದೆ. ಮೌಂಟ್ ಮಾಡಿ ಲಾಗ್ ಓಡಿಸುವ ಪ್ರಯತ್ನ ಸೋತ ಮೇಲೆ ಮಾತ್ರ ಅದು. ರಿಪೇರಿ ನಡೆಯುವಾಗ ರೀಸೆಟ್ ಒತ್ತಬೇಡಿ, ಎಷ್ಟೇ ಹೊತ್ತಾಗಲಿ.

## 8. ಮೌಂಟ್ ಆಗುತ್ತದೆ, ಎಲ್ಲ ಫೈಲ್ ಇದೆ, ಆದರೂ ಬೂಟ್ ಆಗುವುದಿಲ್ಲ

ಒಳ್ಳೆಯ ಸುದ್ದಿ ಇದು. ಮೊದಲು ಎಷ್ಟು ಜಾಗ ತುಂಬಿದೆ ಎಂದು ತೋರಿಸುವ ಡಿಎಫ್ ನೋಡಿ. ಬೂಟ್ ಪಾರ್ಟಿಶನ್ ಶೇ. 100 ತುಂಬಿ, ಇನಿಟ್‌ರ‍್ಯಾಮ್‌ಎಫ್‌ಎಸ್ (ಇನಿಟ್‌ಆರ್‌ಡಿಯ ಈಗಿನ ರೂಪ) ಅರ್ಧ ಬರೆದು ನಿಂತಿರುವುದು ಅಪ್‌ಡೇಟ್ ನಂತರದ ಮಾಮೂಲಿ ರೋಗ. ಹಳೆಯ ಕರ್ನಲ್ ತೆಗೆದು ಜಾಗ ಮಾಡಿ. ಆಮೇಲೆ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಎಂಬ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ನೋಡಿ. ಕಳಚಿದ ಡಿಸ್ಕ್‌ನ ಸಾಲು ಉಳಿದಿದ್ದರೆ ಎಮರ್ಜೆನ್ಸಿ ಮೋಡ್‌ಗೆ ಹೋಗುತ್ತದೆ.

ಇನಿಟ್‌ರ‍್ಯಾಮ್‌ಎಫ್‌ಎಸ್ ಮತ್ತೆ ಕಟ್ಟಬೇಕೆಂದರೆ ರೂಟ್, ಬೂಟ್, ಇಎಫ್‌ಐ ಪಾರ್ಟಿಶನ್ ಮೌಂಟ್ ಮಾಡಿ. ಡೆವ್, ಪ್ರಾಕ್, ಸಿಸ್, ರನ್ ಬೈಂಡ್ ಮಾಡಿ ಸಿಎಚ್‌ರೂಟ್ ಆಗಿ, ಅಂದರೆ ಡಿಸ್ಕ್‌ನಲ್ಲಿರುವ ನಿಮ್ಮ ಸಿಸ್ಟಮ್ ಒಳಗೆ ಹೊಕ್ಕಿ. ಇಲ್ಲೊಂದು ಬಲೆ ಇದೆ. ಸಿಎಚ್‌ರೂಟ್ ಒಳಗೆ ಯುನೇಮ್ ಕೇಳಿದರೆ ರೆಸ್ಕ್ಯೂ ಇಮೇಜ್‌ನ ಕರ್ನಲ್ ಹೆಸರು ಬರುತ್ತದೆ, ನಿಮ್ಮ ಸರ್ವರ್‌ನದ್ದಲ್ಲ. ಇನಿಟ್‌ರ‍್ಯಾಮ್‌ಎಫ್‌ಎಸ್ ಕಟ್ಟುವ ಡ್ರಾಕಟ್ ಅನ್ನು ಸುಮ್ನೆ ಓಡಿಸಿದರೆ ಇಲ್ಲದ ಕರ್ನಲ್‌ಗೆ ಹುಡುಕುತ್ತದೆ. ಮಾಡ್ಯೂಲ್ ಫೋಲ್ಡರ್‌ನಲ್ಲಿರುವ ವರ್ಶನ್ ನೋಡಿ ಅದನ್ನೇ ಕೊಡಿ. ಡೆಬಿಯನ್, ಉಬುಂಟು ಆದರೆ ಎಲ್ಲ ಕರ್ನಲ್‌ಗೂ ಒಟ್ಟಿಗೆ ಅಪ್‌ಡೇಟ್ ಮಾಡುವ ಆಪ್ಶನ್ ಇದೆ.

ಗ್ರಬ್ ಹಾಕುವಾಗ "ಇಎಫ್‌ಐ ವೇರಿಯಬಲ್ಸ್ ಆರ್ ನಾಟ್ ಸಪೋರ್ಟೆಡ್" ಎಂದು ಬಂದರೆ, ಒಂದೋ ಸಿಎಚ್‌ರೂಟ್ ಒಳಗೆ ಇಎಫ್‌ಐವೇರ್‌ಎಫ್‌ಎಸ್ ಮೌಂಟ್ ಆಗಿಲ್ಲ, ಇಲ್ಲವೇ ರೆಸ್ಕ್ಯೂ ಬಯಾಸ್ ಮೋಡ್‌ನಲ್ಲಿ ಬೂಟ್ ಆಗಿದೆ. ಎರಡನೆಯದಾದರೆ ಯುಇಎಫ್‌ಐ ಪಿಕ್ಸಿಯಿಂದ ಮತ್ತೆ ಬನ್ನಿ. ರೆಡ್ ಹ್ಯಾಟ್ ಬಳಗದ ಯುಇಎಫ್‌ಐ ಸರ್ವರ್‌ಗಳಲ್ಲಿ ಗ್ರಬ್2 ಇನ್‌ಸ್ಟಾಲ್ ಕಮಾಂಡ್ ಬೇಡ, ಶಿಮ್ ಮತ್ತು ಗ್ರಬ್ ಪ್ಯಾಕೇಜ್‌ಗಳನ್ನು ರೀಇನ್‌ಸ್ಟಾಲ್ ಮಾಡಿ. ಎಸ್‌ಇಲಿನಕ್ಸ್ ಇದ್ದು ರೂಟ್ ಪಾಸ್‌ವರ್ಡ್ ಬದಲಿಸಿದ್ದರೆ ಲೇಬಲ್‌ಗಳನ್ನು ಮತ್ತೆ ಹಾಕಿಸುವ ಆಟೋರಿಲೇಬಲ್ ಫೈಲ್ ಇಟ್ಟು ಹೊರಡಿ. ಇಲ್ಲದಿದ್ದರೆ ಸರಿಯಾದ ಪಾಸ್‌ವರ್ಡ್‌ಗೂ ಲಾಗಿನ್ ಆಗುವುದಿಲ್ಲ.

## 9. ರಿಪೇರಿ ಮುಗಿಯಿತು, ಮತ್ತೆ ರೆಸ್ಕ್ಯೂಗೇ ಹೋಗುತ್ತದೆ

ಬೂಟ್ ಕ್ರಮದಲ್ಲಿ ಪಿಕ್ಸಿ ಮೊದಲಿದೆ, ಮ್ಯಾಕ್‌ನ ಕಾನ್ಫಿಗ್ ಫೈಲ್ ಇನ್ನೂ ಅಲ್ಲೇ ಇದೆ. ಎರಡನ್ನೂ ಸರಿಮಾಡಿ. ದೂರದಿಂದ ಎಸ್‌ಎಸ್‌ಎಚ್ ಮಾಡುವವರಿಗೆ ಒಂದು ಗುರುತು: ರೆಸ್ಕ್ಯೂನಲ್ಲಿದ್ದಾಗ ಹೋಸ್ಟ್ ಕೀ ಬದಲಾಗಿದೆ ಎಂಬ ಎಚ್ಚರಿಕೆ ಬರುವುದು ಸಹಜ. ಅದನ್ನು ತಪ್ಪಿಸಲು ಹಳೆಯ ಕೀ ಅಳಿಸಬೇಡಿ, ಆ ಸಲಕ್ಕೆ ಕೀ ಇಡಲು ಬೇರೆ ನೋನ್ ಹೋಸ್ಟ್ಸ್ ಫೈಲ್ ಬಳಸಿ. ನಿಜವಾದ ಸಿಸ್ಟಮ್ ಎದ್ದಾಗ ಎಚ್ಚರಿಕೆ ತಾನಾಗಿ ನಿಲ್ಲಬೇಕು. ಇನ್ನೂ ಬರುತ್ತಿದ್ದರೆ ನೀವು ರೆಸ್ಕ್ಯೂ ಒಳಗೇ ಇದ್ದೀರಿ, ಇಲ್ಲವೇ ಕೀ ನಿಜವಾಗಿಯೂ ಬದಲಾಗಿದೆ.

ಕರ್ನಲ್ ಸಾಲಿನಲ್ಲಿ ರೂಟ್ ಪಾಸ್‌ವರ್ಡ್ ಕೊಟ್ಟಿದ್ದರೆ ಅದನ್ನು ಇವತ್ತೇ ತೆಗೆಯಿರಿ. ಟಿಎಫ್‌ಟಿಪಿಗೆ ಲಾಗಿನ್ ಎಂಬುದೇ ಇಲ್ಲ, ಆ ಸರ್ವರ್ ಮುಟ್ಟಬಲ್ಲ ಯಾರು ಬೇಕಾದರೂ ಆ ಫೈಲ್ ಓದಬಹುದು.